ಸಿಮಲಬೇಸಿಯ ಮಣ್ಣು

ಎಡಿಸನ್, ನ್ಯೂಜೆರ್ಸಿ
21 ನವೆಂಬರ್ 2004

ತಂಗಿ ಬಸಲಿಂಗಮ್ಮನಿಗೆ,

ನಿನ್ನ ಅಣ್ಣ ಈಶಣ್ಣನ ಶರಣು. ಇಷ್ಟು ಬರೆಯುವುದರೊಳಗೆ ನಾಲ್ಕು ಹಾಳೆ ಕೆಟ್ಟವು. ಇಪ್ಪತ್ತೇಳು ವರ್ಷ ನಿನಗೆ ‘ಚಿ. ಸೌ.’ ಎಂದು ಬರೆದ ಕೈ ಇದು. ತಲೆ ಬೇಡವೆನ್ನುವಷ್ಟರಲ್ಲಿ ಕೈ ‘ಸೌ’ ಬರೆದು ಮುಗಿಸಿರುತ್ತದೆ. ಹೊಡೆದು ಹಾಕಿ ಕಳಿಸೋಣವೆಂದರೆ ಆ ಗೆರೆಯೇ ಮೊದಲು ನಿನ್ನ ಕಣ್ಣಿಗೆ ಬೀಳುತ್ತದೆ. ಕೊನೆಗೆ ಬರೀ ತಂಗಿ ಎಂದು ಬರೆದು ಮುಂದಕ್ಕೆ ಬಂದೆ.

ತಡಮಾಡಿದ್ದಕ್ಕೆ ಸಿಟ್ಟಾಗಬೇಡ. ಹನ್ನೆರಡು ದಿನದ ಹಿಂದೆ ನಾನು ಫೋನು ಮಾಡಿ ಅಮರೇಶ್ವರನ ಸುದ್ದಿ ಹೇಳಿದಾಗ ನೀನು ಅಳಲಿಲ್ಲ. “ಅಣ್ಣಾ, ನೀ ಹೇಳೂದು ನನ್ನ ತಲಿಗೆ ಹತ್ತವಲ್ದು. ಎಲ್ಲಾ ಬರದು ಕಳಸು, ನಾ ಸಾವಕಾಶ ಓದತೀನಿ” ಎಂದೆ. ಹೆಡ್‌ಮಿಸ್ಟ್ರೆಸ್ ಅಂದರೆ ಹೆಡ್‌ಮಿಸ್ಟ್ರೆಸ್ಸೇ. ಗಂಡ ಹೋದ ಸುದ್ದಿಯನ್ನೂ ಬರವಣಿಗೆಯಲ್ಲಿ ಕೊಡಬೇಕು. ಅವತ್ತಿನಿಂದ ಬರೆಯಲು ಕೂಡುತ್ತೇನೆ, ಏಳುತ್ತೇನೆ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನೀನೇ ಮುಂದೆ ನಿಂತು ಜಂಗಮರಿಗೆ ಬಡಿಸಿದೆಯಂತೆ. ನಿನ್ನ ಮೈದುನ ಗದಿಗೆಪ್ಪ ಹೇಳಿದ. ನಾನು ಅಲ್ಲಿ ನೀರು ಹಾಕುತ್ತಾ ಓಡಾಡಬೇಕಿತ್ತು. ಇಲ್ಲಿ ನಿನ್ನ ಅತ್ತಿಗೆ ಸ್ಮಿತಾ ಅನ್ನಕ್ಕಿಟ್ಟಳು, ಊದುಬತ್ತಿ ಹಚ್ಚಿದಳು. ಹೊಗೆಗೆ ಮನೆಯ ಅಲಾರಂ ಕೂಗಿಕೊಂಡಿತು. ಅಷ್ಟೇ ನಮ್ಮ ಕೈಲಾದದ್ದು.

ಈಗ ನನಗೆ ಗೊತ್ತಾದಷ್ಟನ್ನು ಬರೆಯುತ್ತೇನೆ.

ಪಿಡಬ್ಲ್ಯುಡಿಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ರೊಟ್ಟಿ ತಿನ್ನೋ ಮಾರಾಯ ಅಂದರೆ ಕೇಳದೆ ನೇಪಾಳಕ್ಕೆ ಹೋದವನು. “ಹೊಳಿ ಕಂಡ್ರ ಸಾಕು, ಅವರ ಕೈ ಕಡೀತಾವ” ಎಂದು ನೀನೇ ಬೈದಿದ್ದೆ. ಅವನ ತೂಗುಸೇತುವೆಯ ಕ್ಯಾಂಪು ಸಿಮಲಬೇಸಿ ಊರಿನಿಂದ ಒಂದು ಗಂಟೆ ಮೇಲಕ್ಕೆ, ಗುಡ್ಡದಲ್ಲಿತ್ತು. ಕ್ಯಾಂಪಿಗೆ ಏನೂ ಆಗಲಿಲ್ಲ. ಆರನೆಯ ತಾರೀಖು ಶನಿವಾರ, ಕನ್ನಡಕದ ಕಾಲು ಮುರಿದಿದೆಯೆಂದು ಅವನು ಪೇಟೆಗೆ ಇಳಿದಿದ್ದ. ಮಧ್ಯಾಹ್ನ ಎರಡರ ಸುಮಾರಿಗೆ ಬಂಡುಕೋರರು ಮೂರು ಕಡೆಯಿಂದ ಊರೊಳಗೆ ನುಗ್ಗಿದರು. ಮೊದಲು ಟೆಲಿಫೋನ್ ಟವರ್ ಉರುಳಿಸಿದರು. ಆಮೇಲೆ ಪೊಲೀಸ್ ಠಾಣೆ, ಜೈಲು, ಬ್ಯಾಂಕು. ಅವರ ಪ್ರಕಾರ ಅವರು ಸರ್ಕಾರದ ಮೇಲೆ ಬಿದ್ದದ್ದು. ಆದರೆ ಠಾಣೆಗೂ ಬ್ಯಾಂಕಿಗೂ ನಡುವೆ ಇದ್ದದ್ದು ಪೇಟೆ, ಪೇಟೆಯಲ್ಲಿ ಇದ್ದವರು ಉಪ್ಪು, ಎಣ್ಣೆ ಕೊಳ್ಳಲು ಬಂದ ಜನ.

ಅಮರೇಶ್ವರ ಕನ್ನಡಕವನ್ನೂ ಸರಿಮಾಡುವ ಒಂದು ಗಡಿಯಾರ ರಿಪೇರಿ ಅಂಗಡಿಯಲ್ಲಿದ್ದ. ಅಂಗಡಿಯವನು ಷಟರ್ ಎಳೆದುಬಿಟ್ಟ. ಒಳಗೆ ಇವರಿಬ್ಬರು, ಕಿತ್ತಳೆ ಮಾರುವ ಒಬ್ಬ ಹೆಂಗಸು, ಅವಳ ಎರಡು ಸಣ್ಣ ಮಕ್ಕಳು. ಕೌಂಟರಿನ ಹಿಂದೆ ನೆಲಕ್ಕೆ ಅಂಟಿಕೊಂಡು ಮಲಗಿದ್ದರಂತೆ, ಮರುದಿನದವರೆಗೆ. ಭಾನುವಾರ ಸೈನ್ಯದ ಹೆಲಿಕಾಪ್ಟರ್ ಬಂದು ಮೇಲಿನಿಂದ ಗುಂಡು ಹಾರಿಸಿತು, ಕೆಳಗಿನಿಂದ ಬಂಡುಕೋರರು. ಮಕ್ಕಳು ನೀರಿಗೆ ಅಳುತ್ತಿದ್ದವು. ಓಣಿಯ ಆಚೆ ಬದಿಗೆ ನಲ್ಲಿ. ಸ್ವಲ್ಪ ಹೊತ್ತು ಸದ್ದು ನಿಂತಾಗ ನಿನ್ನ ಗಂಡ ಬಿಂದಿಗೆ ಹಿಡಿದು ಹೋದ. ಹೋಗುವಾಗ ಏನೂ ಆಗಲಿಲ್ಲ, ನೀರನ್ನೂ ತುಂಬಿಕೊಂಡ. ಬರುವಾಗ ಬಿದ್ದ. ಗುಂಡು ಮೇಲಿನದೋ ಕೆಳಗಿನದೋ ಹೇಳುವವರಿಲ್ಲ. ಊರವರು ನಲವತ್ತೊಂದು ಜನ ಸತ್ತರು. ಮರುದಿನ ಒಂದು ಪಕ್ಷ ಗೆದ್ದೆವು ಅಂದಿತು, ಇನ್ನೊಂದು ಹಿಮ್ಮೆಟ್ಟಿಸಿದೆವು ಅಂದಿತು.

ಆ ಭಾನುವಾರ ನಾನೇನು ಮಾಡುತ್ತಿದ್ದೆ ಕೇಳು. ವುಡ್‌ಬ್ರಿಡ್ಜ್‌ನಿಂದ ಪಂಚಾಕ್ಷರಿ ಬಂದಿದ್ದ. ಹುನಗುಂದದ ಕಡೆಯವನು, ಸಾಫ್ಟ್‌ವೇರಿನವನು, ನಮ್ಮ ಮನೆ ರೊಟ್ಟಿಗೆ ತಿಂಗಳಿಗೊಮ್ಮೆ ಬರುತ್ತಾನೆ. ಲ್ಯಾಪ್‌ಟಾಪ್ ತೆಗೆದವನು “ಅಂಕಲ್, ನಿಮ್ಮ ತಂಗಿಯವರ ಯಜಮಾನ್ರು ಇರೋ ಊರು ಸಿಮಲಬೇಸಿ ಅಲ್ಲೇನ್ರಿ?” ಎಂದ. ಪರದೆಯ ಮೇಲೆ ನಾಲ್ಕು ಸಾಲಿನ ಸುದ್ದಿ. ಅಲ್ಲಿಂದ ಮಂಗಳವಾರದವರೆಗೆ ಫೋನು ಒತ್ತಿದೆ. ಕಾಲಿಂಗ್ ಕಾರ್ಡುಗಳು ಮುಗಿದವು, ಸ್ಮಿತಾ ಓಕ್‌ ಟ್ರೀ ರೋಡಿಗೆ ಹೋಗಿ ಮತ್ತೆ ತಂದಳು. ಒಬ್ಬ ಹೆಂಗಸು ನೇಪಾಳಿಯಲ್ಲಿ ಅದೇ ಮಾತು ಹೇಳುತ್ತಿದ್ದಳು. ಅದು ರೆಕಾರ್ಡೆಂದು ಗೊತ್ತಿದ್ದೂ ನಾನು ಅವಳಿಗೆ “ಅಮ್ಮಾ, ಒಂದು ಸಲ ಕೊಡಿಸು” ಎಂದಿದ್ದೇನೆ. ರಾಯಭಾರ ಕಚೇರಿಯವರು ವಿಷಯ ಗಮನದಲ್ಲಿದೆ ಎಂದರು. ಅವರ ಗಮನಕ್ಕೆ ಬೆಂಕಿ ಹಾಕ.

ಮಂಗಳವಾರ ಬೆಳಿಗ್ಗೆ ಅಲ್ಲಿಯ ಪೊಲೀಸ್ ಇನ್ಸ್‌ಪೆಕ್ಟರ್ ಖಡ್ಕಾ ಎಂಬವನು ಸೈನ್ಯದವರ ಸ್ಯಾಟಲೈಟ್ ಫೋನಿನಿಂದ ನನಗೆ ಮಾಡಿದ. ಡೈರಿಯ ಮೊದಲ ಪುಟದಲ್ಲಿ ನನ್ನ ನಂಬರಿತ್ತಂತೆ. ನರೇಗಲ್ಲಿನ ನಿಮ್ಮ ಮನೆಯ ಫೋನು ಮಳೆ ಬಂದರೆ ಸಾಯುತ್ತದೆ, ಅಮೆರಿಕದ್ದು ಸಾಯುವುದಿಲ್ಲ ಎಂದು ನಗುತ್ತಾ ಬರೆದುಕೊಂಡವನು ಅವನೇ.

ದೇಹ ಯಾಕೆ ಬರಲಿಲ್ಲವೆಂದು ಮತ್ತೆ ಮತ್ತೆ ಕೇಳುತ್ತೀಯ. ಎರಡೂ ರಸ್ತೆಗೆ ಬಾಂಬಿಟ್ಟಿದ್ದರು, ಹೆಲಿಕಾಪ್ಟರು ಗಾಯಗೊಂಡ ಸೈನಿಕರಿಗೇ ಸಾಲಲಿಲ್ಲ. ಇನ್ನು ಮೊದಲ ದಿನ ನೀನು ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆ: “ಅಣ್ಣಾ, ಖರೇ ಹೇಳು, ಅವರ್ನ ಕುಂದರ್ಸಿ ಮಣ್ಣ ಮಾಡ್ಯಾರೋ ಇಲ್ಲೋ? ಕೈಯಾಗ ಲಿಂಗ ಇಟ್ಟಾರೋ ಇಲ್ಲೋ?” ಅವತ್ತು ಹೌದು ಎಂದೆ, ಇವತ್ತೂ ಬರೆಯುತ್ತೇನೆ. ಹೌದು. ನದಿಯ ದಂಡೆಯ ಮೇಲೆ ಒಂದು ದೊಡ್ಡ ಬೂರುಗದ ಮರದ ಕೆಳಗೆ. ಅದನ್ನೇ ಅವರು ಸಿಮಲ ಅನ್ನುವುದು. ಇನ್ನು ಆ ವಿಚಾರ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮಗಳು ಅನುಶ್ರೀಗೆ ಪರೀಕ್ಷೆ ಬಿಡಬೇಡವೆಂದು ಹೇಳು. ಅವಳ ತಲೆ ಸವರಿದೆನೆಂದು ತಿಳಿಸು. ನೀನು ಎರಡು ಹೊತ್ತು ಉಣ್ಣು.

ನಿನ್ನ ಅಣ್ಣ,
ಈಶಣ್ಣ

ಎಡಿಸನ್
19 ಡಿಸೆಂಬರ್ 2004

ತಂಗಿ ಬಸಲಿಂಗಮ್ಮನಿಗೆ ಶರಣು,

ನಿನ್ನ ಕಾಗದ ಗುರುವಾರ ಕೈಸೇರಿತು. ಮೂರು ದಿನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿ ಈಗ ಉತ್ತರಕ್ಕೆ ಕುಳಿತಿದ್ದೇನೆ. ಆರು ಪುಟದಲ್ಲಿ ನಿನ್ನ ದುಃಖಕ್ಕೆ ಒಂದು ಪುಟವೂ ಇಲ್ಲ, ಉಳಿದದ್ದೆಲ್ಲ ಪ್ರಶ್ನೆ. ಕುಣಿಯನ್ನು ಎಷ್ಟು ಆಳ ತೋಡಿದರು, ವಿಭೂತಿ ಎಲ್ಲಿಂದ ತಂದರು, ಮುಖ ಯಾವ ದಿಕ್ಕಿಗೆ. ಮೇಲೆ ಎರಡು ಬೇಡಿಕೆ: ಸಮಾಧಿಯದೊಂದು ಫೋಟೋ, ಅಲ್ಲಿಯದೊಂದು ಹಿಡಿ ಮಣ್ಣು. ಹೊಲದ ಮೂಲೆಯಲ್ಲಿ, ಅವರಪ್ಪನ ಗದ್ದುಗೆಯ ಪಕ್ಕದಲ್ಲಿ ಆ ಮಣ್ಣಿಟ್ಟು ಅವನಿಗೂ ಒಂದು ಗದ್ದುಗೆ ಕಟ್ಟಿಸುತ್ತೇನೆಂದು ಬರೆದಿದ್ದೀಯ.

ಮಣ್ಣು ಈಗ ಸಾಧ್ಯವಿಲ್ಲ. ಹೋದ ವಾರ ಅದೇ ಜಿಲ್ಲೆಯಲ್ಲಿ ಬಸ್ಸೊಂದರ ಕೆಳಗೆ ಬಾಂಬು ಸಿಡಿದು ಒಂಬತ್ತು ಜನ ಹೋದರು, ಮದುವೆಗೆ ಹೊರಟವರು. ಆ ದಾರಿಗೆ ಯಾರನ್ನು ಕಳಿಸಲಿ? ಫೋಟೋ ಒಂದು ಇದರ ಜೊತೆ ಇಟ್ಟಿದ್ದೇನೆ. ನದಿ, ದಂಡೆ, ಮರ. ಗುರುತಿಗೆ ಕಲ್ಲೇನೂ ಇಟ್ಟ ಹಾಗೆ ಕಾಣುವುದಿಲ್ಲ. ಇದನ್ನು ನೋಡಿ ಸಮಾಧಾನ ಮಾಡಿಕೋ.

ಕಾಠ್ಮಂಡುವಿನಿಂದ ಒಂದು ಪಾರ್ಸೆಲ್ ಬಂತು. ಅವನ ಗಡಿಯಾರ, ಡೈರಿ, ಕನ್ನಡಕ, ಇನ್ನೊಂದೆರಡು ಸಣ್ಣ ಪುಟ್ಟ ಸಾಮಾನು. ಕನ್ನಡಕದ ಕಾಲಿಗೆ ಹೊಸ ತಿರುಪು ಹಾಕಿದ್ದಾರೆ, ಬಸಲಿಂಗೀ. ರಿಪೇರಿ ಮುಗಿದಿತ್ತು. ಹತ್ತು ನಿಮಿಷ ಮುಂಚೆ ಮುಗಿದಿದ್ದರೆ ಅವನು ಗುಡ್ಡ ಹತ್ತುತ್ತಿದ್ದ. ನಾನು ಅದನ್ನು ಹಾಕಿಕೊಂಡು ನೋಡಿದೆ. ನಂಬರು ನನ್ನದಲ್ಲ, ಎಲ್ಲವೂ ಕಲಸಿಕೊಂಡಿತು.

ಕಳೆದ ಭಾನುವಾರ ವೆಸ್ಟ್ ವಿಂಡ್ಸರ್‌ನ ಶಾಲೆಯೊಂದರ ಹಾಲಿನಲ್ಲಿ ನಮ್ಮ ಕನ್ನಡ ಬಳಗದವರು ಅವನಿಗೆ ಒಂದು ನಿಮಿಷ ಮೌನ ಆಚರಿಸಿದರು. ಒಳ್ಳೆಯವರೇ, ಬೇರೇನು ಮಾಡಿಯಾರು? ಮೌನ ಮುಗಿದದ್ದೇ ಬಿಸಿಬೇಳೆ ಭಾತಿನ ಸಾಲು. ಸಾಲಿನಲ್ಲಿ ಒಬ್ಬರು “ನಿಮ್ಮ ಬ್ರದರ್ ಇನ್ ಲಾ ಮಿಲಿಟರೀಲಿದ್ರಾ?” ಎಂದರು. ಇಲ್ಲ, ಕನ್ನಡಕ ರಿಪೇರಿಗೆ ಹೋಗಿದ್ದ ಎಂದೆ. ಪಾಪ, ಅವರ ಕೈಯ ತಟ್ಟೆ ಅಲ್ಲೇ ನಿಂತಿತು. ಉಳಿದವರದು ಯಾರ ಪ್ರಾಜೆಕ್ಟು ಬೆಂಗಳೂರಿಗೆ ಹೋಯಿತು, ಎಡಿಸನ್‌ನಲ್ಲಿ ಮನೆ ಬೆಲೆ ಎಲ್ಲಿಗೆ ಮುಟ್ಟಿತು ಎಂಬ ಮಾತು. ಅವರ ತಪ್ಪಲ್ಲ. ಹೋದ ವರ್ಷ ಬೇರೆ ಯಾರದೋ ಊರಿನ ಸುದ್ದಿ ಬಂದಾಗ ನಾನೂ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡವನೇ.

ನನ್ನ ಕೆಲಸ ನಡೆದಿದೆ. ಸೇತುವೆಗಳ ಕೆಳಗೆ ಯಂತ್ರದ ತೊಟ್ಟಿಲಲ್ಲಿ ನಿಂತು ಸುತ್ತಿಗೆಯಿಂದ ಕಾಂಕ್ರೀಟು ತಟ್ಟುತ್ತೇನೆ. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಒಳಗೆ ಪೊಳ್ಳಿದ್ದರೆ ಬೇರೆ ದನಿ. ನನ್ನ ಜೊತೆಯ ಫ್ರಾಂಕ್ ಮೊನ್ನೆ ಹೆಗಲ ಮೇಲೆ ಕೈಯಿಟ್ಟು, ಬೂದಿಯನ್ನು ಗಂಗೆಗೆ ಬಿಟ್ಟಿರಾ, ನೀವು ಹಿಂದೂಗಳು ಹಾಗಲ್ಲವೇ ಮಾಡುವುದು ಎಂದು ಕೇಳಿದ. ಹೌದು ಎಂದೆ. ಇಲ್ಲಿ ಇಪ್ಪತ್ತು ವರ್ಷದಿಂದ ಇದೇ ಆಗಿದೆ. ನಾವು ಸುಡುವವರಲ್ಲ, ಮಣ್ಣು ಮಾಡುವವರು, ಕೊರಳಲ್ಲಿ ಲಿಂಗ ಕಟ್ಟುವವರು ಎಂದು ಶುರುಮಾಡಿದರೆ ಅವರ ಕಾಫಿ ಆರುತ್ತದೆ. ಉದ್ದ ಉತ್ತರಕ್ಕೆ ಯಾರಿಗೂ ಪುರುಸೊತ್ತಿಲ್ಲ, ನನಗೂ ರೂಢಿ ತಪ್ಪಿದೆ.

ಥಂಡಿ ಬಹಳ. ನಮ್ಮ ಹುಡುಗಿ ನಿಧಿ ಕಾಲೇಜುಗಳಿಗೆ ಅರ್ಜಿ ತುಂಬುತ್ತಿದ್ದಾಳೆ. ಪಾರ್ಸೆಲ್ ಬಂದ ದಿನದಿಂದ ನನ್ನನ್ನು ಒಂದು ತರಹ ನೋಡುತ್ತಾಳೆ. ನೀನು ಸಂಕ್ರಾಂತಿಗೆ ಶಾಲೆಯ ಹುಡುಗಿಯರಿಗೆ ಎಳ್ಳು ಹಂಚುವುದನ್ನು ಈ ವರ್ಷವೂ ಬಿಡಬೇಡ.

ಶರಣು.
ನಿನ್ನ ಅಣ್ಣ, ಈಶಣ್ಣ

ಎಡಿಸನ್
9 ಜನವರಿ 2005

ತಂಗೀ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಕೊರಿಯರ್‌ಗೆ ಕೊಡುತ್ತಿದ್ದೇನೆ. ನಾಲ್ಕು ದಿನದಲ್ಲಿ ಮುಟ್ಟುತ್ತದೆ ಎಂದಿದ್ದಾರೆ. ಇಪ್ಪತ್ತನೆಯ ತಾರೀಖಿನೊಳಗೆ ನಿನ್ನ ಕೈಸೇರಲೇಬೇಕು.

ಫೋನು ಮಾಡಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಮಾಡಿದೆ. ನಾಲ್ಕು ಸಲ ಮಾಡಿ ನಾಲ್ಕು ಸಲವೂ ಹವಾಮಾನ ವಿಚಾರಿಸಿ ಇಟ್ಟೆ. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ, ಬರೆಯುವಾಗ ಸ್ವಲ್ಪ ಕಷ್ಟ. ಅನುಶ್ರೀಯ ಇಮೇಲಿಗೆ ಕಳಿಸಿದರೆ ಮೊದಲು ಮಗು ಓದುತ್ತದೆ. ಇದನ್ನು ನೀನೇ ಓದಬೇಕು.

ಬುಧವಾರ ನೀನು ಹೇಳಿದ್ದು ಕಿವಿಯಲ್ಲೇ ಇದೆ. “ಫೋಟೋ ಮುಟ್ಟಿತಣ್ಣಾ. ಆ ಗಿಡಾ ನಾ ಎಲ್ಲಿದ್ರೂ ಗುರ್ತ ಹಿಡೀತೀನಿ. ಗದಿಗೆಪ್ಪ ಗೋರಖಪುರಕ್ಕ ಟಿಕೀಟ್ ತಗಸ್ಯಾನ, ಇಪ್ಪತ್ತಕ್ಕ ಹೊಂಡತೀವಿ. ಅಲ್ಲಿಂದ ಬಸ್ಸು. ಬಾಂಬ್ ಬಿದ್ರ ಬೀಳಲಿ, ನಾನೂ ಅವರೂ ಒಂದ ಕಡೆ ಇರತೀವಿ.” ವಿಭೂತಿ ಗಟ್ಟಿ, ಅವನ ಹಳೆಯ ಧೋತರ, ಮಣ್ಣು ತರಲು ಹೊಸ ತಾಮ್ರದ ಚೊಂಬು ಎಲ್ಲ ಚೀಲಕ್ಕೆ ಹಾಕಿಟ್ಟಿದ್ದೀಯಂತೆ. ನೀನು ಸುಮ್ಮನಿರಲಿ ಎಂದು ಫೋಟೋ ಕಳಿಸಿದೆ. ಅದೇ ನಿನ್ನನ್ನು ಹೊರಡಿಸಿತು. ಬೆಂಕಿ ಆರಿಸಲು ಎಣ್ಣೆ ಸುರಿದ ಜಾಣ ನಾನು.

ಬಸಲಿಂಗೀ, ಹೋಗಬೇಡ. ಅಲ್ಲಿ ಸಮಾಧಿಯಿಲ್ಲ.

ಆ ಫೋಟೋ ಸಿಮಲಬೇಸಿಯದಲ್ಲ. ಒಂದು ನದಿ, ಒಂದು ದೊಡ್ಡ ಮರ ಇರುವ ನೇಪಾಳದ ಚಿತ್ರ ಇಂಟರ್ನೆಟ್ಟಿನಲ್ಲಿ ಹುಡುಕಿಕೊಡು ಎಂದು ಪಂಚಾಕ್ಷರಿಗೆ ಕೇಳಿದೆ. “ಯಾವ ಊರಂತ ಗೊತ್ತಿಲ್ರಿ ಅಂಕಲ್, ಆದ್ರ ನೇಪಾಳದ್ದ ಐತಿ” ಎಂದು ಪ್ರಿಂಟು ತೆಗೆದುಕೊಟ್ಟ. ಯಾಕೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಯಾರೋ ಪ್ರವಾಸಿ ತೆಗೆದ ಚಿತ್ರ. ಆ ಮರವನ್ನು ಹುಡುಕಿಕೊಂಡು ನೀನು ಗುಂಡು ಹಾರುವ ಗುಡ್ಡಗಳಲ್ಲಿ ಊರಿಂದೂರಿಗೆ ಕೇಳುತ್ತಾ ಹೋಗುವುದು ಕಣ್ಣಿಗೆ ಕಟ್ಟುತ್ತದೆ.

ಅವನನ್ನು ಸುಟ್ಟರು. ನದಿಯ ದಂಡೆಯ ಮೇಲೆ, ಅವತ್ತು ಸತ್ತ ಉಳಿದವರ ಜೊತೆ. ಬೂದಿಯನ್ನು ಅದೇ ನೀರಿಗೆ ಬಿಟ್ಟರು. ಅವಮಾನ ಮಾಡಲಿಲ್ಲ, ತಮ್ಮ ಮನೆಯವರಿಗೆ ಮಾಡುವ ಹಾಗೆಯೇ ಮಾಡಿದರು. ಪಾರ್ಸೆಲಿನ ಜೊತೆ ಖಡ್ಕಾ ಬರೆದು ಕಳಿಸಿದ ಚೀಟಿಯ ಪ್ರಕಾರ ಗಡಿಯಾರದ ಅಂಗಡಿಯವನು ಬೆಂಕಿ ಕೊಟ್ಟನಂತೆ, ಕಿತ್ತಳೆ ಮಾರುವ ಹೆಂಗಸು ಹೂ ಹಾಕಿದಳಂತೆ. ಅವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಹೇಳಲು ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಖಡ್ಕಾ ನನಗೆ ಫೋನು ಮಾಡುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು.

ಪಾರ್ಸೆಲಿನಲ್ಲಿ ‘ಸಣ್ಣ ಪುಟ್ಟ ಸಾಮಾನು’ ಎಂದು ಬರೆದಿದ್ದೆನಲ್ಲ. ಅದರಲ್ಲಿ ಅವನ ಕರಡಿಗೆ ಇತ್ತು. ಪೊಲೀಸರು ಪಟ್ಟಿಯಲ್ಲಿ ‘ಬೆಳ್ಳಿಯ ಡಬ್ಬಿ ಒಂದು, ಒಳಗೆ ಕಪ್ಪು ಕಲ್ಲು’ ಎಂದು ಬರೆದಿದ್ದಾರೆ. ಬೆಲೆಬಾಳುವುದೆಂದು ಜೋಪಾನವಾಗಿ ಹತ್ತಿಯಲ್ಲಿ ಸುತ್ತಿ ಕಳಿಸಿದ್ದಾರೆ. ಶಿವದಾರ ಅರ್ಧಕ್ಕೆ ಕತ್ತರಿಸಿದೆ. ಅವನ ಅಂಗೈಯಲ್ಲಿ ಇದ್ದು ಅವನ ಜೊತೆಗೇ ಮಣ್ಣಿಗೆ ಹೋಗಬೇಕಾದ ಲಿಂಗ ನ್ಯೂಜೆರ್ಸಿಯ ನನ್ನ ಮನೆ ಬಾಗಿಲಿಗೆ ಬಂತು, ಸಹಿ ಹಾಕಿ ಇಸಿದುಕೊಂಡೆ. ನಿನಗೆ ಹೇಳಿದ್ದರೆ ಆ ಕ್ಷಣವೇ ತಿಳಿಯುತ್ತಿತ್ತು, ಅದಕ್ಕೇ ಮುಚ್ಚಿಟ್ಟೆ. ನಿಧಿ ಅದನ್ನು ನೋಡಿದವಳೇ ತನ್ನ ಇಂಗ್ಲಿಷಿನಲ್ಲಿ “ಅಪ್ಪಾ, ಜಸ್ಟ್ ಟೆಲ್ ಹರ್” ಎಂದಳು. ಇಲ್ಲಿ ಹುಟ್ಟಿದ ಮಗುವಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಸ್ಮಿತಾ ಅಷ್ಟು ಮಾತಾಡುವವಳಲ್ಲ. ಅವಳೂ “ಏನ್ರೀ, ಆಕೆ ದಾರೀಲಿ ಸತ್ರೆ ಯಾರಿಗೆ ಏನಂತ ಹೇಳ್ತೀರಾ?” ಎಂದಳು.

ಅಂದಿನಿಂದ ಬೆಳಿಗ್ಗೆ ಸ್ನಾನ ಮಾಡಿ ನನ್ನ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ನೀರೆರೆಯುತ್ತೇನೆ, ಅದನ್ನು ಕಟ್ಟಿಕೊಂಡ ಮೇಲೆ ಅವನದನ್ನು ಇಟ್ಟುಕೊಂಡು ಎರೆಯುತ್ತೇನೆ. ಒಬ್ಬನಿಗೆ ಒಂದೇ ಲಿಂಗ ಎಂದು ಕಲಿತವರು ನಾವು. ಇದು ಸರಿಯೋ ತಪ್ಪೋ ಕೇಳಲು ಇಲ್ಲಿ ಅಯ್ಯನವರಿಲ್ಲ. ಅದಕ್ಕೆ ಒಂದು ದಿನವೂ ನೀರು ತಪ್ಪಿಸಲು ಮನಸ್ಸು ಬರಲಿಲ್ಲ, ಅಷ್ಟೇ.

ನೀನು ರೈಲು ಹತ್ತಬೇಡ. ನಾನು ಬರುತ್ತೇನೆ. ಇಪ್ಪತ್ತೆರಡಕ್ಕೆ ಟಿಕೆಟ್ ಸಿಕ್ಕಿದೆ. ಲಿಂಗವನ್ನು ಪೆಟ್ಟಿಗೆಯಲ್ಲಿ ಹಾಕುವುದಿಲ್ಲ, ನನ್ನ ಎದೆಯ ಮೇಲೇ ತರುತ್ತೇನೆ. ನಿನ್ನ ಮಾವನವರ ಗದ್ದುಗೆಯ ಪಕ್ಕದಲ್ಲಿ ಕುಣಿ ತೋಡಿಸಿ ಲಿಂಗವನ್ನಷ್ಟೇ ಇಡಬಹುದೋ ಏನೋ, ಮಠಕ್ಕೆ ಹೋಗಿ ಕೇಳು. ಇಡಬಾರದೆಂದರೆ ಮುಂದೇನೆಂದು ನನಗೆ ತೋಚುವುದಿಲ್ಲ. ಇಲ್ಲಿಯವರೆಲ್ಲ ಈಗ ಸುನಾಮಿಗೆ ಬಟ್ಟೆ ಕೂಡಿಸುವುದರಲ್ಲಿದ್ದಾರೆ. ಸಿಮಲಬೇಸಿಯ ಹೆಸರು ಯಾರ ಬಾಯಲ್ಲೂ ಇಲ್ಲ. ಆ ಊರಿನ ನಲವತ್ತೊಂದು ಮನೆಗಳಲ್ಲಿ ಇವತ್ತು ಏನು ನಡೆದಿದೆಯೋ.

ಬಯ್ಯುವಷ್ಟು ಬಯ್ಯಿ, ನಾನು ತಲೆತಗ್ಗಿಸಿ ಕೇಳುತ್ತೇನೆ. ನೀನೂ ಅನುಶ್ರೀಯೂ ಚೆನ್ನಾಗಿರಬೇಕು. ದೇವರು ನನ್ನ ಆಯುಷ್ಯದಲ್ಲಿ ಕಡಿದು ನಿಮಗೆ ಕೊಡಲಿ.

ನಿನ್ನ ಅಣ್ಣ,
ಈಶಣ್ಣ

ಮತ್ತೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಮೇಲೆ ‘ಫೋನು ಮಾಡುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು’ ಎಂದು ಬರೆದಿದ್ದೇನೆ. ನಿಜ ಹೇಳಲು ಕೂತ ಕಾಗದದಲ್ಲೂ ಕೈ ಹಳೆಯ ಚಾಳಿ ಬಿಡಲಿಲ್ಲ.

ಏನೂ ಆಗಿರಲಿಲ್ಲ. ಖಡ್ಕಾ ಫೋನು ಮಾಡಿದ್ದೇ ಅದನ್ನು ಕೇಳಲು. ಸುದ್ದಿ ಹೇಳಿದ, ಆಮೇಲೆ ಹಿಂದಿಯಲ್ಲಿ “ನೀವು ಹಿಂದೂಗಳೇ ತಾನೇ?” ಎಂದ. ಬೆಳಿಗ್ಗೆ ಏಳೂವರೆ. ನಾನು ಸೇತುವೆಯ ಕೆಳಗೆ ತೊಟ್ಟಿಲು ಹತ್ತಿ ನಿಂತಿದ್ದೆ. ಫ್ರಾಂಕ್ ಎದುರಿಗಿದ್ದ, ಯಂತ್ರ ನಡೆಸುವವನು ಕಾಯುತ್ತಿದ್ದ. ಹೌದು ಎಂದೆ. ನಾಳೆ ಬೆಳಿಗ್ಗೆ ದಹನ ಮಾಡುತ್ತೇವೆ ಎಂದ. ಲೈನು ಸ್ಪಷ್ಟವಿತ್ತು, ಪಕ್ಕದ ಮನೆಯವರು ಮಾತಾಡಿದಷ್ಟು ಸ್ಪಷ್ಟ. ಅವನು ಅಷ್ಟಕ್ಕೇ ಬಿಡಲಿಲ್ಲ. “ಅವರ ಕೊರಳಲ್ಲಿ ಏನೋ ಬೇರೆ ಥರದ್ದು ಇದೆ. ನಿಮ್ಮಲ್ಲಿ ಬೇರೆ ಪದ್ಧತಿ ಇದ್ದರೆ ಹೇಳಿ. ಹೂಳುವುದಾದರೂ ಸರಿ, ಅಗೆಯಲು ಜನ ಇದ್ದಾರೆ” ಎಂದ.

ಅಷ್ಟು ಸಾವಿನ ನಡುವೆ ನಿಂತವನಿಗೆ ಕುಣಿ, ವಿಭೂತಿ, ಕೂರಿಸುವುದು, ಲಿಂಗ ಎಂದು ಎಲ್ಲಿಂದ ಹೇಳಲಿ ಅನ್ನಿಸಿತು. ಅವನಿಗೆ ತೊಂದರೆ ಕೊಡಬಾರದು ಅನ್ನಿಸಿತು. ಸುಳ್ಳು. ಏನೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷದ ರೂಢಿಯ ಬಾಯಿ, “ಬೇಡ ಬೇಡ, ನೀವು ಮಾಡುವ ಹಾಗೇ ಮಾಡಿ” ಎಂದುಬಿಟ್ಟಿತು. ಫೋನಿಟ್ಟ ಮೇಲೆ ಏನು ಹೇಳಿಬಿಟ್ಟೆನೆಂದು ತಿಳಿಯಿತು. ಆ ನಂಬರಿಗೆ ದಿನವಿಡೀ ಮಾಡಿದೆ. ನೀನು ಕೇಳಿದ್ದಕ್ಕೆ ಹೌದು, ಮಣ್ಣು ಮಾಡಿದ್ದಾರೆ ಎಂದು ಹೇಳಿದ ಮೇಲೂ ಮಾಡಿದೆ. ಅಲ್ಲಿ ಬೆಳಗಾಗುವವರೆಗೆ ಮಾಡಿದೆ. ತಗುಲಲಿಲ್ಲ.

ಖಡ್ಕಾ ಇನ್ನೂ ಎಂಟು ಮನೆಗಳಿಗೆ ಫೋನು ಮಾಡಬೇಕಿತ್ತಂತೆ. ಇಡುವ ಮುಂಚೆ ನನಗೆ ಧನ್ಯವಾದ ಹೇಳಿದ.